ಹುಣಸೆಬೀಜದ ಮಾರ್ಕ್ಸು

“ಲಾಭ, ಎರಡು, ಮೂರು...”

ಮುನಿಗಂಗಮ್ಮಜ್ಜಿ ರಾಗಿ ಅಳೆಯುವಾಗ ಮೊದಲನೇ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾಳೆ. ಇವತ್ತು ಅಳೆದು ಚೀಲಕ್ಕೆ ಹಾಕುವ ಕೆಲಸ ಮೊಮ್ಮಗಳು ಪ್ರಮೋದಾಳದು. ಆದರೆ ಅವಳ ಕಣ್ಣೆಲ್ಲ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಅಕ್ಕ ಸಂಘಮಿತ್ರಳ ಮೇಲೆ.

“ಎಷ್ಟಾಯ್ತೇ?” ಅಜ್ಜಿ ಕೇಳಿದಳು.

“ಹತ್ತು... ಹನ್ನೊಂದು ಇರ್ಬೇಕಜ್ಜಿ.”

“ಇರ್ಬೇಕಾ? ಸುರಿ ವಾಪಸ್ಸು. ಮತ್ತೆ ಲಾಭದಿಂದ ಶುರುಮಾಡು!”

“ಅಯ್ಯೋ, ಅಷ್ಟೂನಾ?”

“ಯಾಕೆ, ಇನ್ನೊಂದ್ಸಲ ಅಳೆದ್ರೆ ರಾಗಿ ಕೋಪ ಮಾಡ್ಕೊಳ್ತದಾ?”

ಪ್ರಮೋದಾ ಗೊಣಗುತ್ತಲೇ ಚೀಲವನ್ನು ರಾಶಿಗೆ ಸುರಿದಳು.

ಅಕ್ಕನ ಗೋಳು ಬೇರೆಯೇ. ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ಅವಳಿಗೆ ಎಪ್ಪತ್ತಕ್ಕೆ ಬರೀ ಐವತ್ನಾಲ್ಕು ಬಂದಿತ್ತು. ಅಷ್ಟಕ್ಕೆ ಅಗ್ರಿ ಕಾಲೇಜಿನ ಸೀಟು ಸಿಗುವ ಹಾಗಿರಲಿಲ್ಲ. ಕೇಳಿದ್ದಕ್ಕೆ ಬೋರ್ಡಿನವರು ಉತ್ತರಪತ್ರಿಕೆಯ ಸ್ಕ್ಯಾನ್ ಕಾಪಿ ಕೊಟ್ಟಿದ್ದರು. ಮೊಬೈಲಿನಲ್ಲಿ ಮೊದಲ ಪುಟದ ಟೋಟಲ್ ನೋಡಿದವಳೇ ಅಕ್ಕ ಅಳುತ್ತಾ ಅದನ್ನು ಮುಚ್ಚಿಟ್ಟಿದ್ದಳು.

ಪ್ರಮೋದಾ ಅಕ್ಕನ ಪಕ್ಕ ಹೋಗಿ ಕೂತಳು. “ಅಕ್ಕಾ, ನಾವೂ ಒಂದ್ಸಲ ಎಣ್ಸೋಣ ಬಾರೇ.”

“ಸುಮ್ನಿರೇ. ಲೆಕ್ಚರರ್ ಎಣ್ಸಿರೋದನ್ನ ನಾವು ಎಣ್ಸೋದಾ?”

“ಯಾಕೆ, ಅವ್ರೇನು ಕೋಪ ಮಾಡ್ಕೊಳ್ತಾರಾ?”

ಅಳುತ್ತಿದ್ದ ಅಕ್ಕನಿಗೆ ನಗು ಬಂದುಬಿಟ್ಟಿತು.

ನಲ್ಲೂರು ತೋಪಿನಲ್ಲಿ ಆರಿಸಿ ತಂದಿದ್ದ ಹುಣಸೆಬೀಜದ ಡಬ್ಬಿಯನ್ನು ಪ್ರಮೋದಾ ಜಗಲಿಗೆ ತಂದಳು. ಅಕ್ಕ ಒಂದೊಂದೇ ಉತ್ತರದ ಮಾರ್ಕ್ಸು ಓದುತ್ತಾ ಹೋದಳು. ಒಂದು ಮಾರ್ಕ್ಸಿಗೆ ಒಂದು ಬೀಜ. ಕೊನೆಗೆ ಅಜ್ಜಿಯೂ ಬಂದು ಎಣಿಸಿದಳು, ಲಾಭದಿಂದಲೇ.

ಅರವತ್ತೇಳು!

“ಏಯ್, ನೀನು ಬೀಜ ಜಾಸ್ತಿ ಹಾಕ್ಬಿಟ್ಟೆ ಕಣೇ!” ಎಂದಳು ಅಕ್ಕ.

“ಹಂಗಾದ್ರೆ ಸುರಿ ವಾಪಸ್ಸು!”

ಎರಡನೇ ಸಲವೂ ಅಷ್ಟೇ ಬಂತು. ಅಕ್ಕ ಪುಟಗಳನ್ನು ಹಿಂದೆ ಮುಂದೆ ಸರಿಸಿ ನೋಡಿದಳು. ಕೊನೆಯ ಎರಡು ಪುಟಗಳ ಮಾರ್ಕ್ಸು ಮೊದಲ ಪುಟದ ಟೋಟಲ್ಲಿಗೆ ಸೇರಿಯೇ ಇರಲಿಲ್ಲ! ಅವತ್ತೇ ಬೋರ್ಡಿಗೆ ಅರ್ಜಿ ಹೋಯಿತು. ಕೌನ್ಸೆಲಿಂಗ್ ಶುರುವಾಗುವುದರೊಳಗೆ ಉತ್ತರ ಬರಬೇಕಿತ್ತು. ಮೊಬೈಲ್ ಸದ್ದು ಮಾಡಿದಾಗಲೆಲ್ಲ ಮೂವರೂ ಅದರ ಕಡೆ ಓಡುತ್ತಿದ್ದರು.

ಒಂದು ಬೆಳಗ್ಗೆ ಅಕ್ಕ ಕಿರುಚಿದ ರಭಸಕ್ಕೆ ಅಂಗಳದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. “ಅರವತ್ತೇಳು! ಬೋರ್ಡಿನೋರು ಸರಿ ಮಾಡವ್ರೆ ಕಣೇ!”

ಮುಂದೆ ಕೌನ್ಸೆಲಿಂಗಿನಲ್ಲಿ ಸೀಟೂ ಸಿಕ್ಕಿತು. ಅಜ್ಜಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಪ್ರಮೋದಾಳ ಬಾಯಿಗೆ ಎರಡು ಸಲ.

ಆ ಸಂಜೆ ಹೊಸಕೋಟೆಯ ಚಿಕ್ಕಮ್ಮನಿಗೆ ಕಳಿಸಲು ಪ್ರಮೋದಾ ಒಬ್ಬಳೇ ರಾಗಿ ಅಳೆಯುತ್ತಿದ್ದಳು. ಒಳಗೆ ಅಕ್ಕ ಹಾಡು ಹೇಳಿಕೊಂಡು ಬಟ್ಟೆ ಜೋಡಿಸುತ್ತಿದ್ದಳು. ಅದನ್ನು ಕೇಳುತ್ತಾ ಕೇಳುತ್ತಾ ಲೆಕ್ಕ ತಪ್ಪಿತು. ಎಂಟೋ, ಒಂಬತ್ತೋ?

ಅಜ್ಜಿ ಅಲ್ಲಿರಲಿಲ್ಲ. ಯಾರೂ ಕೇಳಲಿಲ್ಲ.

ಪ್ರಮೋದಾ ಚೀಲ ಎತ್ತಿ ರಾಗಿಯನ್ನೆಲ್ಲ ರಾಶಿಗೆ ಸುರಿದಳು. ಸೇರು ತುಂಬಿಸಿ, ನಗುತ್ತಾ ಹೇಳಿದಳು, “ಲಾಭ!”