ಆರ್ವಿಲ್ ಬಿಟ್ಟುಹೋದ ರಿವಾಲ್ವರ್

ನೆಬ್ರಾಸ್ಕಾದ ನಮ್ಮ ಸಣ್ಣ ಊರಿನಲ್ಲಿ ನಾನೂ ಆರ್ವಿಲ್ಲೂ ಇಪ್ಪತ್ತಾರು ವರ್ಷ ಒಟ್ಟಿಗೆ ಪೊಲೀಸ್ ಕೆಲಸ ಮಾಡಿದೆವು. ಶನಿವಾರ ಊರಾಚೆಯ ಮಣ್ಣುದಿಬ್ಬದೆದುರು ಗುರಿ ಹೊಡೆಯುತ್ತಾ ಯಾವಾಗಲೂ ಒಂದೇ ಜಗಳ.

“ನಿನ್ನ ಪಿಸ್ತೂಲಲ್ಲಿ ಗುಂಡು ಸಿಕ್ಕಿಕೊಂಡ್ರೆ ಒದ್ದಾಡ್ಬೇಕು ಕಣೇ ವೆಲ್ಮಾ. ನನ್ನ ರಿವಾಲ್ವರ್ ಯಾವತ್ತೂ ಕೈಕೊಡಲ್ಲ.”

“ಅದು ಕೈಕೊಡಲ್ಲ, ಕೈ ಮುರಿಯುತ್ತೆ! ಕತ್ತೆ ಒದ್ದಂಗೆ ಒದೆಯುತ್ತೆ. ನನ್ನದು ಮೆತ್ತಗೆ ತಳ್ಳುತ್ತೆ, ಅಷ್ಟೆ.”

ಕೊನೆಯ ಎರಡು ವರ್ಷ ಕಾಯಿಲೆಯಿಂದ ಅವನು ದಿಬ್ಬದ ಕಡೆ ಬರಲಿಲ್ಲ. ಅವನು ತೀರಿಕೊಂಡ ಮೇಲೆ ಹೆಂಡತಿ ಲುಯೆಲ್ಲಾ ರಿವಾಲ್ವರನ್ನು ನನಗೆ ಕೊಟ್ಟಳು. ಮುಂದಿನ ಶನಿವಾರ ಮಧ್ಯಾಹ್ನ ಒಬ್ಬಳೇ ಹೋದೆ. ನೆಲವೆಲ್ಲ ಹಿಮ. ನನ್ನ ಪಿಸ್ತೂಲು ಎರಡನೇ ಗುಂಡಿಗೇ ಸಿಕ್ಕಿಕೊಂಡಿತು. ನಗುತ್ತಾ ಅವನದನ್ನು ಎತ್ತಿಕೊಂಡೆ. ಆ ಚಳಿಯಲ್ಲೂ ಅದರ ಮರದ ಹಿಡಿ, ಯಾರೋ ಆಗಷ್ಟೇ ಕೈಯಿಂದ ಕೈಗೆ ಕೊಟ್ಟಂತೆ ಬೆಚ್ಚಗಿತ್ತು.

ಆರು ಗುಂಡು ಹಾರಿಸಿದೆ. ಸದ್ದು ಬಂತು, ಗುರಿಯ ಕಾಗದದಲ್ಲಿ ಆರು ತೂತುಗಳೂ ಬಿದ್ದವು. ಆದರೆ ಒದೆತವೇ ಇರಲಿಲ್ಲ. ಪ್ರತಿ ಸಲವೂ ನನ್ನ ಮಣಿಕಟ್ಟನ್ನು ಕೆಳಗಿನಿಂದ ಯಾರೋ ಹಿಡಿದುಕೊಂಡಂತಿತ್ತು. ಅವನು ಜಗಿಯುತ್ತಿದ್ದ ಪುದೀನ ತಂಬಾಕು ಘಮ್ಮೆಂದಿತು.

“ಸರಿ, ನೀನೇ ಗೆದ್ದೆ ಕಣೋ,” ಎಂದೆ. ಅಳು ಬಂತು.

ಸೋಮವಾರ ಅದನ್ನು ಶುಚಿಮಾಡಿಸಲು ಬಂದೂಕು ರಿಪೇರಿಯ ಡೆಲ್ಬರ್ಟ್‌ಗೆ ಕೊಟ್ಟೆ. ಅವನು ಹಿಡಿ ಬಿಚ್ಚಿ ನನ್ನ ಮುಖ ನೋಡಿದ.

“ಇದ್ರಲ್ಲಿ ಹೊಡೆದ್ರಾ? ಗುಂಡು ಸಿಡಿಸೋ ಸ್ಪ್ರಿಂಗೇ ಇಲ್ವಲ್ಲ ಮೇಡಂ! ಅದಿಲ್ದೆ ಒಂದು ಗುಂಡೂ ಹಾರಲ್ಲ. ಮನೇಲಿ ಮೊಮ್ಮಕ್ಕಳು ಓಡಾಡ್ತಾರೆ ಅಂತ ಎರಡು ವರ್ಷದ ಹಿಂದೆ ಆರ್ವಿಲ್ಲೇ ನನ್ನ ಕೈಲಿ ತೆಗೆಸಿದ್ರು.”

ಡ್ರಾಯರ್‌ನಿಂದ ಒಂದು ಲಕೋಟೆ ತೆಗೆದ. ಅಂಟಿಸಿದ್ದು ಹಾಗೇ ಇತ್ತು. ಹರಿದಾಗ ಸ್ಪ್ರಿಂಗ್ ಮೇಜಿನ ಮೇಲೆ ಬಿತ್ತು.