ಮಾಯವಾದ ಹುಡುಗಿ

"ಲೋ, ನನ್ನ ಲಂಗ ಬಿಡೋ!"

ತ್ರಿಶಲಾ ಕಿರುಚಿದಳು. ಖೋ-ಖೋ ಆಟದ ನಡುವೆ ಅವಳ ತಮ್ಮ ಯಶೋಧರ ಲಂಗದ ಅಂಚು ಹಿಡಿದುಕೊಂಡೇ ಓಡಿ ಬರುತ್ತಿದ್ದ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಸಾವಿತ್ರಮ್ಮ ಟೀಚರ್ ಮಾತ್ರ ನಗಲಿಲ್ಲ.

"ನಾಳೆ ಸಂಜೆ ಬೇಲೂರಿನ ಮ್ಯಾಚ್‌ಗೆ ಟೀಮ್ ಆರಿಸ್ತೀನಿ. ಒಬ್ಬಳೇ ಬರೋದಾದ್ರೆ ಬಾ. ಹಿಂದೆ ಬಾಲ ಕಟ್ಕೊಂಡು ಬರೋದಾದ್ರೆ ಬೇಡ," ಎಂದುಬಿಟ್ಟರು.

ತ್ರಿಶಲಾಗೆ ಅಳುವೇ ಬಂತು. ಎಲ್ಲ ಆ ದರಿದ್ರ ಸಿನಿಮಾದಿಂದ! ಶನಿವಾರ ಎಂದಿನಂತೆ ಹೊತ್ತು ಮುಳುಗುವ ಮೊದಲೇ ಉಂಡು, ಇಬ್ಬರೂ ಅಪ್ಪನ ಜೊತೆ ಹಳೇಬೀಡಿನ ಟೆಂಟಿನಲ್ಲಿ ದೆವ್ವದ ಮನೆಯ ಸಿನಿಮಾ ನೋಡಿದ್ದರು. ಅದರಲ್ಲಿ ಕುರ್ಚಿ ತಾನಾಗಿ ಓಡಾಡುತ್ತದೆ. ಲಂಗ ತೊಟ್ಟ ಹುಡುಗಿಯೊಬ್ಬಳು ನಿಂತಲ್ಲೇ ಮಾಯವಾಗುತ್ತಾಳೆ. ಅಂದಿನಿಂದ ಈ ಏಳು ವರ್ಷದ ಪ್ರಾಣಿ ಅವಳಿಗೆ ಅಂಟಿಕೊಂಡಿದೆ. ಬಾವಿಗೆ ಹೋದರೆ ಬಾವಿಗೆ, ಹಿತ್ತಿಲಿಗೆ ಹೋದರೆ ಹಿತ್ತಿಲಿಗೆ. ಅವಳು ಬಚ್ಚಲಲ್ಲಿದ್ದರೂ ಬಿಡುವುದಿಲ್ಲ. ಹೊರಗೆ ನಿಂತು "ಅಕ್ಕಾ, ಇದೀಯಾ?" ಎಂದು ಹತ್ತು ಸಲ ಕೂಗುತ್ತಾನೆ!

ಮನೆಗೆ ಬಂದವಳೇ ಒಂದು ಮಣೆಗೆ ಕಪ್ಪು ದಾರ ಕಟ್ಟಿ ಎಳೆದಳು. "ನೋಡೋ ಪುಕ್ಕಲ, ಕುರ್ಚಿ ಓಡಿದ್ದು ಹೀಗೆ."

"ಅದು ನಂಗೂ ಗೊತ್ತು."

"ಮತ್ತೆ ಯಾಕೋ ಪ್ರಾಣ ತಿಂತೀಯಾ?"

ಯಶೋಧರ ಅವಳ ಲಂಗದ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಮರುದಿನ ಬೆಳಿಗ್ಗೆ ಅವನನ್ನು ದರದರ ಎಳೆದುಕೊಂಡು ಟೆಂಟಿಗೆ ಹೋದಳು. ಸಿನಿಮಾ ಮೆಷಿನ್ ಓಡಿಸುವ ಜವರಯ್ಯ ತುಂಡಾದ ರೀಲು ಅಂಟಿಸುತ್ತಾ ಕೂತಿದ್ದ.

"ಮಾಮ, ದೆವ್ವ ಎಲ್ಲ ಸುಳ್ಳು ಅಂತ ಇವನಿಗೆ ಹೇಳಿ. ನಂಗೆ ಸಾಕಾಗಿದೆ!"

"ಏನ್ ನೋಡಿ ಹೆದರ್ಕಂಡೆ ಮಗಾ?" ಜವರಯ್ಯ ಕೇಳಿದ.

"ಆ ಅಕ್ಕ... ಮಾಯ ಆದ್ಲಲ್ಲ."

ಜವರಯ್ಯ ಒಂದು ಫಿಲ್ಮ್ ತುಂಡು ಹುಡುಕಿ ಬಿಸಿಲಿಗೆ ಹಿಡಿದ. ಒಂದು ಪುಟ್ಟ ಚಿತ್ರದಲ್ಲಿ ಕಂಬದ ಪಕ್ಕ ಆ ಹುಡುಗಿ ಇದ್ದಳು. ಅದರ ಮುಂದಿನದರಲ್ಲಿ ಬರೀ ಕಂಬ.

"ಇಲ್ಲಿ ಕ್ಯಾಮೆರಾ ನಿಲ್ಸವ್ರೆ. ಆಚೆಗೆ ಹೋಗವ್ವ ಅಂದವ್ರೆ. ಅವ್ಳು ಹೋದ್ಮೇಲೆ ತಿರ್ಗಾ ಓಡ್ಸವ್ರೆ. ಅಷ್ಟೇಯ."

ಯಶೋಧರ ಆ ಬರೀ ಕಂಬವನ್ನೇ ನೋಡಿದ. "ಆಮೇಲೆ ಮನೆಗೆ ಹೋದ್ಲಾ?"

"ಇನ್ನೆಲ್ಲಿಗೆ ಹೋದಾಳು? ಮನೆಗೋಗಿ ಉಂಡಿರ್ತಾಳೆ."

ಯಶೋಧರ ಉಸಿರು ಬಿಟ್ಟ. "ನೀನೂ ಹಂಗೇ ಮಾಯ ಆಗ್ಬಿಟ್ರೆ ಅಂತ ಹಿಡ್ಕೊಂಡಿದ್ದೆ ಅಕ್ಕ," ಎಂದ.

ಬೈಯಲು ಹೊರಟಿದ್ದ ತ್ರಿಶಲಾ ಅವನ ತಲೆ ಸವರಿದಳು. "ಸಂಜೆ ಆಟ ಮುಗಿಸಿ ಬರ್ತೀನಿ. ನನ್ನ ತಟ್ಟೆ ಹಾಕಿಟ್ಟಿರು," ಎಂದಳು.

ಸಂಜೆ ಅವನು ಮೈದಾನಕ್ಕೆ ಬರಲಿಲ್ಲ. ಟೀಚರ್ ಅವಳ ಹೆಸರು ಕೂಗುವಷ್ಟರಲ್ಲಿ ಬಿಸಿಲು ತೆಂಗಿನಮರದ ತುದಿಗೆ ಏರಿತ್ತು. ಹೊತ್ತು ಮುಳುಗಿದರೆ ಜೈನರಾದ ಅವರ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ತ್ರಿಶಲಾ ಒಂದೇ ಉಸಿರಿಗೆ ಓಡಿ ಬಂದಳು.

"ನಿನ್ನ ತಮ್ಮನಿಗೆ ಹೇಳಿ ಹೇಳಿ ಸಾಕಾಯ್ತು ಕಣೇ! ನೀನು ಬರೋವರೆಗೂ ಉಣ್ಣಲ್ಲವಂತೆ," ಅಮ್ಮ ಸಿಡುಕಿದರು.

ಎರಡು ತಟ್ಟೆಗಳ ಮುಂದೆ ಯಶೋಧರ ಒಬ್ಬನೇ ಕೂತಿದ್ದ. "ಟೀಮ್‌ಗೆ ಸೇರಿಸ್ಕೊಂಡ್ರಾ?"

"ಹೂಂ. ಉಣ್ಣು ಬೇಗ. ಕೈಕಾಲು ತೊಳ್ಕೊಂಡು ಬಂದೆ."

ಹಿತ್ತಿಲಿಗೆ ಹೋದ ತ್ರಿಶಲಾ ಕೈಗೆ ನೀರು ಹಾಕಿಕೊಳ್ಳುತ್ತಾ, ಅವನು ಕೇಳುವ ಮೊದಲೇ ಗಟ್ಟಿಯಾಗಿ ಕೂಗಿದಳು.

"ಇದೀನಿ ಕಣೋ!"