ಚಿಕ್ಕಮ್ಮನ ಬಸ್ಸು ಯಾವಾಗ?

“ಅಮ್ಮಾ, ಇವನು ಮತ್ತೆ ಗುಂಡಿ ಡಬ್ಬ ಉರುಳಿಸಿದ!”

ಬುಗುರಿ ಕೂಗುವಷ್ಟರಲ್ಲಿ ಬಿಳಿ ಗುಂಡಿಗಳು ಮಂಚದ ಕೆಳಗೆ, ಬಾಗಿಲ ಸಂದಿಗೆ, ಹೊಲಿಗೆ ಮಷೀನಿನ ಪೆಡಲಿನಡಿಗೆ ಚೆಲ್ಲಾಪಿಲ್ಲಿಯಾಗಿ ಓಡಿಹೋಗಿದ್ದವು. ನಡುವೆ ಚಿಕ್ಕಮ್ಮನ ಮಗ ಚಪ್ಪಾಳೆ ತಟ್ಟುತ್ತ ನಿಂತಿದ್ದ. ಅವನಿಗಿನ್ನೂ ನಾಲ್ಕು ವರ್ಷ. ಬಂದ ದಿನವೇ ಬುಗುರಿ ಅವನಿಗೆ ಬುಲ್ಡೋಜರ್ ಅಂತ ಹೆಸರಿಟ್ಟಿದ್ದಳು.

ಬುಗುರಿ ಅನ್ನುವುದೂ ಅವಳ ನಿಜವಾದ ಹೆಸರಲ್ಲ. ತಲೆಗೆ ಏನಾದರೂ ಹೊಕ್ಕರೆ ಅದು ಮುಗಿಯುವ ತನಕ ಗಿರಗಿರ ತಿರುಗುತ್ತಲೇ ಇರುತ್ತಾಳೆ ಅಂತ ಅಪ್ಪ ಇಟ್ಟ ಹೆಸರು. ಅಪ್ಪ ಲಾರಿ ತಗೊಂಡು ಹೋಗಿದ್ದ. ಅವನು ಬರಲು ಇನ್ನೂ ಒಂದು ವಾರವಿತ್ತು.

“ಪಾಪ, ಮಗು. ಬಿಡೇ, ಆರಿಸಿದ್ರಾಯ್ತು,” ಅಂತ ಅಮ್ಮ ನಕ್ಕಳು.

ಬುಗುರಿಗೆ ಆಶ್ಚರ್ಯವಾಯಿತು. ಅವಳೇ ಬೀಳಿಸಿದ್ದರೆ ಅಮ್ಮ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದಳು.

ಅಮ್ಮ ಟೈಲರ್. ಅವಳು ಹೊಲಿಯುವ ಕೋಣೆ ಈಗ ಚಿಕ್ಕಮ್ಮನ ಕೋಣೆಯಾಗಿತ್ತು. ಮಷೀನು ಹಾಲಿಗೆ ಬಂದಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬುಲ್ಡೋಜರನ ಚಡ್ಡಿ, ಹಾಲಿನ ಬಾಟಲಿ, ಚಕ್ರವಿಲ್ಲದ ಕಾರು.

ಗುಂಡಿಗಳನ್ನು ಆರಿಸಿ ಮುಗಿಸಿ ಬುಗುರಿ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅಮ್ಮ ಪಾತ್ರೆ ತಿಕ್ಕುತ್ತ ತನ್ನಷ್ಟಕ್ಕೇ ಗೊಣಗುತ್ತಿದ್ದಳು.

“ಸೋಮವಾರ ಸ್ಕೂಲ್ ಶುರು. ಯೂನಿಫಾರ್ಮೆಲ್ಲ ಹಾಗೇ ಬಿದ್ದಿದೆ. ಅಯ್ಯೋ, ಯಾವಾಗ ಹೊರಡ್ತಾರೋ ಇವ್ರು!”

ಬುಗುರಿ ಸದ್ದಿಲ್ಲದೆ ಹಿಂದೆ ಸರಿದಳು. ಫೋನಿನಲ್ಲಿ “ಬಾರೇ, ಈ ಸಲ ತಪ್ಪಿಸ್ಬೇಡ ಕಣೇ” ಅಂತ ದಿನಾ ಗೋಗರೆದವಳು ಇದೇ ಅಮ್ಮ. ಅವರು ಬರುತ್ತಾರೆಂದು ಹೊಸ ಪರದೆ ಹೊಲಿದವಳೂ ಇದೇ ಅಮ್ಮ. ಇರಲಿ. ಈಗ ಅಮ್ಮನಿಗೆ ಕಷ್ಟವಾಗಿದೆ. ಅವಳು ಬಾಯಿಬಿಟ್ಟು ಹೇಳುವವಳಲ್ಲ.

‘ನಾನೇ ಏನಾದ್ರೂ ಮಾಡ್ತೀನಿ,’ ಅಂದುಕೊಂಡಳು ಬುಗುರಿ.

ಚಿಕ್ಕಮ್ಮ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

“ಚಿಕ್ಕಮ್ಮ, ನಿಮ್ಮ ಬಸ್ಸು ಯಾವಾಗ?”

“ಭಾನುವಾರ ಕಣೇ. ಯಾಕೆ?”

“ನಾಳೇನೂ ಬಸ್ಸಿದೆ. ನಾಳಿದ್ದೂ ಇದೆ. ಅಮ್ಮಂಗೆ ಹೊಲಿಯೋದು ರಾಶಿ ಇದೆ. ಯಾವಾಗ ಹೊರಡ್ತಾರೋ ಅಂತ ಒಬ್ಬಳೇ ಹೇಳ್ಕೊಳ್ತಿದ್ಲು.”

ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. “ಹೌದಾ,” ಅಂದಳು, ಅಷ್ಟೇ. ಆಮೇಲೆ ಮಡಿಸಿದ ಬಟ್ಟೆಗಳನ್ನು ಮೇಜಿನ ಮೇಲಿಡದೆ ಬ್ಯಾಗಿಗೆ ಹಾಕತೊಡಗಿದಳು.

ಕೆಲಸ ಇಷ್ಟು ಸಲೀಸಾಗಿ ಆಗುತ್ತದೆಂದು ಬುಗುರಿ ಅಂದುಕೊಂಡಿರಲಿಲ್ಲ.

ಸಂಜೆ ಟೀ ಕುಡಿಯುವಾಗ ಚಿಕ್ಕಮ್ಮ ಹೇಳಿದಳು, “ಅಕ್ಕಾ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ನರ್ಸುಗಳು ಕಡಿಮೆ ಇದ್ದಾರಂತೆ. ನಾಳೆ ಬೆಳಗ್ಗೆನೇ ಹೊರಡ್ತೀನಿ.”

ಅಮ್ಮನ ಮುಖ ಅರಳುತ್ತದೆಂದು ಬುಗುರಿ ಕಾದು ನೋಡಿದಳು. ಮುಖ ಸಪ್ಪಗಾಯಿತು.

“ನಾಳೇನಾ? ಇನ್ನೂ ನೆಟ್ಟಗೆ ಕೂತು ಮಾತೇ ಆಡಿಲ್ವಲ್ಲೇ.”

“ಏನ್ಮಾಡೋದು, ಡ್ಯೂಟಿ.”

ಅಮ್ಮ ಎದ್ದು ಹೋಗಿ ಮಷೀನಿನ ಮುಂದೆ ಕೂತಳು. ಒಂದು ಕಾಲರ್ ಹೊಲಿದಳು. ಅದು ಸೊಟ್ಟಗಾಯಿತು. ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೂ ಸೊಟ್ಟ. ಕಣ್ಣುಮುಚ್ಚಿ ಕಾಲರ್ ಹೊಲಿಯಬಲ್ಲವಳು ಅಮ್ಮ! ಕೊನೆಗೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು.

ಅತ್ತ ಚಿಕ್ಕಮ್ಮ ಬ್ಯಾಗಿನ ಜಿಪ್ ಎಳೆಯುವ ಸದ್ದು. ಇತ್ತ ಮಷೀನಿನ ಸದ್ದೇ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಹೀಗೇ ಬಿಟ್ಟರೆ ಚಿಕ್ಕಮ್ಮ ಇನ್ನು ಈ ಕಡೆ ತಲೆಹಾಕುವುದಿಲ್ಲ.

ಹೇಳಿದರೆ ಬೈಗುಳ ಗ್ಯಾರಂಟಿ. ಬಿದ್ದರೆ ಬೀಳಲಿ. ಬುಗುರಿ ಕೋಣೆಗೆ ನುಗ್ಗಿ, ಚಿಕ್ಕಮ್ಮನ ಕೈ ಹಿಡಿದು, ದರದರ ಎಳೆದುಕೊಂಡು ಹಾಲಿಗೆ ಬಂದಳು.

“ಅಮ್ಮಾ, ಆಸ್ಪತ್ರೆಯಿಂದ ಫೋನ್ ಬಂದೇ ಇಲ್ಲ. ನೀನು ಅಡುಗೆಮನೆಯಲ್ಲಿ ಗೊಣಗಿದ್ದನ್ನ ನಾನು ಚಿಕ್ಕಮ್ಮಂಗೆ ಹೇಳ್ದೆ. ಅದಕ್ಕೇ ಹೊರಟಿದ್ದಾರೆ.”

ಅಮ್ಮನ ಕಿವಿ ಕೆಂಪಾಯಿತು. ಬುಗುರಿಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

“ಹೇಳಿದ್ದು ಹೌದು ಕಣೇ,” ಅಂದಳು ಮೆಲ್ಲಗೆ. “ನಿನ್ ಮಗ ಕಾಲಿಟ್ಟ ಕಡೆಯೆಲ್ಲ ಯುದ್ಧ. ತಲೆ ಕೆಟ್ಟುಹೋಯ್ತು. ಆದ್ರೆ ನೀನು ನಾಳೆ ಹೊರಡ್ತೀನಿ ಅಂದಾಗಿಂದ ನಂಗೆ ಕೈಕಾಲೇ ಆಡ್ತಿಲ್ಲ.”

ಚಿಕ್ಕಮ್ಮ ಬಂದು ಅಮ್ಮನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ನಾನೂ ಒಂದು ಹೇಳ್ಲಾ ಅಕ್ಕ? ನಿಮ್ಮನೆ ಫ್ಯಾನು ರಾತ್ರಿಯಿಡೀ ಕಟಕಟ ಅನ್ನತ್ತೆ. ನನ್ ಹಾಸಿಗೆ ಯಾವಾಗ ಸೇರ್ಕೊಳ್ತೀನೋ ಅಂತ ದಿನಾ ಅಂದ್ಕೊಳ್ತೀನಿ.”

“ಮತ್ತೆ ಹೇಳೋಕೇನಾಗಿತ್ತು?”

“ನಿಂಗೇನಾಗಿತ್ತು?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಚಿಕ್ಕಮ್ಮ ಕಿಸಕ್ಕೆಂದಳು. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. ಕೊನೆಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆಂದು ತಿಳಿಯದೆ ಬುಲ್ಡೋಜರನೂ ನಕ್ಕ.

“ತಾ ಇಲ್ಲಿ ಸೂಜಿ,” ಅಂದಳು ಚಿಕ್ಕಮ್ಮ. “ದಿನಾ ಜನಕ್ಕೆ ಸೂಜಿ ಚುಚ್ಚೋಳು ನಾನು. ಗುಂಡಿ ಹಾಕೋಕೆ ಬರಲ್ವಾ?”

“ನಾನು ಇವನನ್ನ ನೋಡ್ಕೊಳ್ತೀನಿ. ಭಾನುವಾರದ ತನಕ ಒಂದೂ ಗುಂಡಿ ಮುಟ್ಟೋಕೆ ಬಿಡಲ್ಲ,” ಅಂದಳು ಬುಗುರಿ.

ಹೇಳಿದಂತೆ ನಡೆದುಕೊಂಡಳು. ಬುಲ್ಡೋಜರನನ್ನು ಪಾರ್ಕಿಗೆ ಕರೆದೊಯ್ದಳು, ಮರಳಲ್ಲಿ ಗುಡ್ಡ ಕಟ್ಟಿಸಿದಳು, ಅವನು ಕೆಡವಿದಾಗ ಮತ್ತೆ ಕಟ್ಟಿಸಿದಳು. ಮನೆಯಲ್ಲಿ ಅಕ್ಕ ತಂಗಿ ಹೊಲಿದರು, ಜಗಳವಾಡಿದರು, ಹಳೇ ಮೇಷ್ಟ್ರುಗಳನ್ನೆಲ್ಲ ಅಣಕಿಸಿದರು. ಭಾನುವಾರ ಬೆಳಗ್ಗೆ ಕೊನೆಯ ಅಂಗಿಗೂ ಗುಂಡಿ ಹಾಕಿ ಮುಗಿಯಿತು.

ಬಸ್ ನಿಲ್ದಾಣದಲ್ಲಿ ಅಮ್ಮ ತಂಗಿಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟಳು. ನೀರಿನ ಬಾಟಲಿ ಕೊಟ್ಟಳು. ಬುಲ್ಡೋಜರನ ಕೆನ್ನೆ ಹಿಂಡಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದಳು.

“ಉಸ್ಸಪ್ಪಾ!” ಅಂದಳು ಅಮ್ಮ. “ಇವತ್ತು ಹೋಗಿ ಕಾಲು ಚಾಚಿ ಮಲಗ್ತೀನಿ ನೋಡು.”

ಹಾಗೆ ಹೇಳುತ್ತಲೇ ಕಣ್ಣೊರೆಸಿಕೊಂಡಳು.

ಅಮ್ಮಂಗೆ ಈಗ ಖುಷಿನಾ, ಬೇಜಾರಾ? ಪ್ರಶ್ನೆ ಬುಗುರಿಯ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ಮುಖ ನೋಡಿ ಅದನ್ನು ನುಂಗಿಕೊಂಡಳು.

ನಿಲ್ದಾಣದ ಗೇಟು ದಾಟಿರಲಿಲ್ಲ, ಅಮ್ಮ ಫೋನ್ ತೆಗೆದಳು. “ಏನೇ, ಸೀಟು ಆರಾಮಿದ್ಯಾ? ಬಿಸಿಲು ಬೀಳ್ತಿದ್ಯಾ? ಮುಂದಿನ ಸಲ ಹತ್ತು ದಿನ ಇರೋ ಹಾಗೆ ಬರ್ಬೇಕು, ಹೇಳಿದ್ದೀನಿ!”

ಬುಗುರಿ ಅಮ್ಮನ ಪಕ್ಕಕ್ಕೆ ಇನ್ನಷ್ಟು ಒತ್ತಿಕೊಂಡು ನಡೆದಳು.

“ಅಮ್ಮ, ನಂಗೂ ಕೊಡು ಫೋನು,” ಅಂದಳು. “ಬುಲ್ಡೋಜರನ ಹತ್ರ ಮಾತಾಡ್ಬೇಕು.”